ಐವತ್ತರ ದಶಕದ ಅಗ್ಗದ ರಾಕ್ಷಸ ಸಿನಿಮಾಗಳನ್ನು ನೋಡುವುದು ಹೇಗೆ

ಬರೀ ನಗೋಣ ಅಂತ ಈ ಸಿನಿಮಾಗಳ ಮುಂದೆ ಕೂತರೆ ಇಪ್ಪತ್ತು ನಿಮಿಷಕ್ಕೆ ಬೋರ್ ಆಗುತ್ತದೆ. ದಾರ ಕಾಣುವ ಹಾರುವ ತಟ್ಟೆ, ರಬ್ಬರ್ ಸೂಟಿನ ರಾಕ್ಷಸ, ಪಾಠ ಒಪ್ಪಿಸಿದ ಹಾಗೆ ಮಾತಾಡುವ ವಿಜ್ಞಾನಿ, ಇಷ್ಟಕ್ಕೇ ಎಷ್ಟು ಹೊತ್ತು ನಗುತ್ತೀರಿ? ಬೇರೆ ಥರ ನೋಡಿ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ದುಡ್ಡು ಇರಲಿಲ್ಲ, ಅದರ ಬದಲು ಇವರು ಏನು ಮಾಡಿದರು? ಈ ಪ್ರಶ್ನೆ ತಲೆಯಲ್ಲಿದ್ದರೆ ಅತಿ ಕೆಟ್ಟ ಸಿನಿಮಾ ಕೂಡ ಕೊನೆಯವರೆಗೂ ನೋಡಿಸಿಕೊಳ್ಳುತ್ತದೆ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಸಾಕು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ದೊಡ್ಡ ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು, ಹಾಗಾಗಿ ಹೊರಗಿನ ಸಣ್ಣ ಕಂಪನಿಗಳ ಸಿನಿಮಾಗೂ ಪರದೆ ಸಿಕ್ಕಿತು. ಮನೆಯ ಹಿರಿಯರು ಟಿವಿ ಮುಂದೆ ಮನೆಯಲ್ಲೇ ಕೂತರು. ಉಳಿದವರು ಹದಿಹರೆಯದ ಹುಡುಗ ಹುಡುಗಿಯರು. ಅವರಿಗೆ ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳಲ್ಲಿ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸಬೇಕಿತ್ತು, ಅದಕ್ಕೆ ಬೇಗ ಮುಗಿಯುವ, ಕಡಿಮೆ ಖರ್ಚಿನ ಸರಕು ಬೇಕಾಗಿತ್ತು. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಕಟ್ಟಿದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಹುಟ್ಟಿದ್ದು ಇಂಥ ಮಾರುಕಟ್ಟೆಗೇ. ಅಲ್ಲಿ ಎಷ್ಟೋ ಸಲ ಮೊದಲು ಹೆಸರು, ಆಮೇಲೆ ಪೋಸ್ಟರ್, ಆಮೇಲೆ ಕಥೆ. ಹಾಗಾಗಿ ಸಿನಿಮಾ ಹಾಕುವ ಮುಂಚೆ ಅದರ ಪೋಸ್ಟರ್ ಹುಡುಕಿ ನೋಡಿ. ಪೋಸ್ಟರ್‌ನಲ್ಲಿ ಕೊಟ್ಟ ಮಾತಿಗೂ ಪರದೆ ಮೇಲೆ ಬಂದಿದ್ದಕ್ಕೂ ಎಷ್ಟು ದೂರ ಅಂತ ಅಳೆಯುವುದೇ ಅರ್ಧ ಮಜಾ.

ಶುರು ಮಾಡಬೇಕಾದ್ದು ನಿರ್ದೇಶಕ ರೋಜರ್ ಕಾರ್ಮನ್‌ರಿಂದ. 1960ರ 'ದ ಲಿಟಲ್ ಶಾಪ್ ಆಫ್ ಹಾರರ್ಸ್' ಹಾಕಿ. ಬೇರೆ ಸಿನಿಮಾಗೆ ಹಾಕಿದ್ದ ಸೆಟ್ ಕೆಡವುವ ಮುಂಚೆ ಬಳಸಿಕೊಂಡು, ಸೆಟ್‌ನ ದೃಶ್ಯಗಳನ್ನೆಲ್ಲ ಎರಡೇ ದಿನದಲ್ಲಿ ಮುಗಿಸಿದ ಸಿನಿಮಾ ಇದು. ಮನುಷ್ಯರನ್ನು ತಿನ್ನುವ ಗಿಡದ ಕಥೆ. ಬೇಕೆಂದೇ ಮಾಡಿದ ಹಾಸ್ಯ, ಅದಕ್ಕೇ ಮೊದಲ ಸಲ ನೋಡುವವರಿಗೆ ಸುಲಭ. ಹಲ್ಲಿನ ಡಾಕ್ಟರ್ ಹತ್ತಿರ ನೋವು ಅನುಭವಿಸಲೆಂದೇ ಬರುವ ಹುಡುಗನ ಸಣ್ಣ ಪಾತ್ರದಲ್ಲಿ ಜಾಕ್ ನಿಕೋಲ್ಸನ್ ಇದ್ದಾರೆ. ಅವಸರ ಎಲ್ಲೆಲ್ಲಿ ಕಾಣುತ್ತದೆ ಅಂತ ನೋಡುತ್ತಾ ಹೋಗಿ. ಕ್ಯಾಮೆರಾ ಜಾಸ್ತಿ ಅಲ್ಲಾಡುವುದಿಲ್ಲ, ನಟರು ಮಾತ್ರ ಮಾತಿನಲ್ಲಿ ಓಡುತ್ತಿರುತ್ತಾರೆ.

ಎರಡನೆಯದಾಗಿ ಅವರದೇ 'ಇಟ್ ಕಾಂಕರ್ಡ್ ದ ವರ್ಲ್ಡ್', 1956ರದ್ದು. ಇದರ ರಾಕ್ಷಸನನ್ನು ತಯಾರಿಸಿದವರು ಪಾಲ್ ಬ್ಲೇಸ್ಡೆಲ್. ಶುಕ್ರ ಗ್ರಹದಲ್ಲಿ ಗುರುತ್ವ ಜಾಸ್ತಿ ಇರುತ್ತದೆ, ಹಾಗಾಗಿ ಅಲ್ಲಿನ ಜೀವಿ ಕುಳ್ಳಗೆ, ನೆಲಕ್ಕೆ ಅಂಟಿಕೊಂಡ ಹಾಗೆ ಇರಬೇಕು ಅಂತ ಯೋಚಿಸಿ ಮಾಡಿದ್ದು. ವಿಜ್ಞಾನದ ಲೆಕ್ಕ ತಪ್ಪೇ (ಶುಕ್ರನ ಗುರುತ್ವ ಭೂಮಿಗಿಂತ ಸ್ವಲ್ಪ ಕಡಿಮೆ), ಆದರೆ ಯೋಚನೆ ಇತ್ತಲ್ಲ, ಅದು ದೊಡ್ಡದು. ನಾಯಕಿ ಬೆವರ್ಲಿ ಗಾರ್ಲೆಂಡ್ ಅದರ ಪಕ್ಕ ನಿಂತು ಕೆಳಗೆ ನೋಡಿ, ಜಗತ್ತು ಗೆಲ್ಲಲು ಬಂದದ್ದು ನೀನೇನಾ ಅನ್ನುವ ಧಾಟಿಯಲ್ಲಿ ಗೇಲಿ ಮಾಡಿ ಒಂದು ಒದೆ ಕೊಟ್ಟರಂತೆ. ಕಾರ್ಮನ್ ಕೂಡಲೇ ರಾಕ್ಷಸನ ಎತ್ತರ ಹೆಚ್ಚಿಸಲು ಹೇಳಿದರು, ಹೀಗೇ ಈ ಕಥೆಯನ್ನು ಹೇಳುತ್ತಾ ಬಂದಿದ್ದಾರೆ. ಆ ಮೊನಚು ತಲೆಯ ಆಕಾರ ಕಂಡಾಗ ಇದು ನೆನಪಿರಲಿ. ನಗು ಬರುತ್ತದೆ, ಜೊತೆಗೆ ಬ್ಲೇಸ್ಡೆಲ್ ಮೇಲೆ ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ.

ಈ ಸಿನಿಮಾದಲ್ಲಿ ಬರುವ ಗುಹೆಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಅದು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನ ಬ್ರಾನ್ಸನ್ ಕ್ಯಾನಿಯನ್, ಹಳೇ ಕಲ್ಲುಗಣಿ. ಸ್ಟುಡಿಯೋಗಳಿಗೆ ಹತ್ತಿರ, ನೋಡಲು ಬೇರೆ ಗ್ರಹದ ಹಾಗೆ. 1953ರ 'ರೋಬೋಟ್ ಮಾನ್‌ಸ್ಟರ್'ನಲ್ಲೂ ಅದೇ ಜಾಗ, 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್'ನಲ್ಲೂ ಅದೇ. ಒಂದು ಸಲ ಗುರುತು ಹಿಡಿದರೆ ಆಮೇಲೆ ಎಲ್ಲಿ ನೋಡಿದರೂ ಅದೇ ಕಾಣುತ್ತದೆ. 'ರೋಬೋಟ್ ಮಾನ್‌ಸ್ಟರ್'ನಲ್ಲಿ ರೋಬೋ ವೇಷಕ್ಕೆ ದುಡ್ಡಿಲ್ಲದೆ, ಸ್ವಂತ ಗೊರಿಲ್ಲಾ ಸೂಟ್ ಇದ್ದ ಜಾರ್ಜ್ ಬ್ಯಾರೋಸ್ ಎಂಬ ನಟನನ್ನು ಕರೆದು ತಲೆಗೆ ಹೆಲ್ಮೆಟ್ ಹಾಕಿಸಿದರು. ಮುಗಿಯಿತು, ಅದೇ ಅನ್ಯಗ್ರಹ ಜೀವಿ! ಸಂಗೀತ ಮಾತ್ರ ಎಲ್ಮರ್ ಬರ್ನ್‌ಸ್ಟೈನ್ ಅವರದ್ದು, ಕಣ್ಣು ಮುಚ್ಚಿ ಕೇಳಿದರೆ ದೊಡ್ಡ ಸಿನಿಮಾ ಅನ್ನಿಸುತ್ತದೆ.

ಇನ್ನು ರಾಕ್ಷಸ ಎಷ್ಟು ಹೊತ್ತಿಗೆ ಪೂರ್ತಿ ಕಾಣಿಸುತ್ತಾನೆ ಅಂತ ಗಡಿಯಾರ ನೋಡಿ. ಜಾಣ ನಿರ್ದೇಶಕರು ಮೊದಲು ಸದ್ದು ಕೇಳಿಸುತ್ತಾರೆ, ಆಮೇಲೆ ನೆರಳು, ಆಮೇಲೆ ಬೆಚ್ಚಿದ ಮುಖ. 1954ರ 'ದೆಮ್!' ವಾರ್ನರ್ ಬ್ರದರ್ಸ್‌ನ ಚಿತ್ರ, ಅಷ್ಟೇನೂ ಅಗ್ಗದ್ದಲ್ಲ, ಆದರೆ ಹೋಲಿಸಿ ನೋಡಲು ಇದೇ ಸರಿ. ಅದರಲ್ಲೂ ದೈತ್ಯ ಇರುವೆಗಿಂತ ಮುಂಚೆ ಬರುವುದು ಅದರ ಚಿಲಿಪಿಲಿ ಸದ್ದೇ. ಅದೇ 1957ರ 'ದ ಜೈಂಟ್ ಕ್ಲಾ' ನೋಡಿ. ಯುದ್ಧನೌಕೆಯಷ್ಟು ದೊಡ್ಡ ಹಕ್ಕಿ ಅಂತ ನಟರು ನಿಜಕ್ಕೂ ನಡುಗುತ್ತಾರೆ, ಚೆನ್ನಾಗಿಯೇ ನಟಿಸುತ್ತಾರೆ. ಆಮೇಲೆ ಗಾಜಿನ ಕಣ್ಣಿನ ಬೊಂಬೆ ಹಕ್ಕಿ ಬರುತ್ತದೆ! ಚಿತ್ರೀಕರಣದ ಹೊತ್ತಿನಲ್ಲಿ ಅವರು ಆ ಹಕ್ಕಿಯನ್ನು ನೋಡಿರಲೇ ಇಲ್ಲ. ಇದು ಗೊತ್ತಿದ್ದರೆ ನಾಯಕ ಜೆಫ್ ಮಾರೋ ಮುಖದ ಗಾಂಭೀರ್ಯ ಇನ್ನೂ ರುಚಿಸುತ್ತದೆ.

ಟ್ರಿಕ್‌ಗಳನ್ನು ಹಿಡಿಯಲು ಪಾಜ್ ಬಟನ್ ಧಾರಾಳವಾಗಿ ಒತ್ತಿ. ಬರ್ಟ್ ಗಾರ್ಡನ್‌ರ 'ಬಿಗಿನಿಂಗ್ ಆಫ್ ದ ಎಂಡ್'ನಲ್ಲಿ ಶಿಕಾಗೋ ಕಟ್ಟಡಗಳ ಫೋಟೋ ಮೇಲೆ ನಿಜವಾದ ಮಿಡತೆಗಳನ್ನು ಬಿಟ್ಟಿದ್ದಾರೆ. ಗಮನವಿಟ್ಟು ನೋಡಿದರೆ ಒಂದು ಮಿಡತೆ ಕಟ್ಟಡ ಬಿಟ್ಟು ಆಕಾಶದ ಮೇಲೇ ಕಾಲಿಡುತ್ತದೆ. 1955ರ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ'ಯ ಆಕ್ಟೋಪಸ್‌ನ ತೋಳು ಎಣಿಸಿ, ಆರೇ. ಖರ್ಚು ಉಳಿಸಲು ಟ್ರಿಕ್ ದೃಶ್ಯಗಳ ಕಲಾವಿದ ರೇ ಹ್ಯಾರಿಹೌಸನ್ ಎರಡನ್ನು ಬಿಟ್ಟರು. ಆದರೆ ಅವರ ಕೈಚಳಕ ಎಷ್ಟು ಚೆನ್ನಾಗಿದೆ ಅಂದರೆ ಎಣಿಸುವವರೆಗೂ ಗೊತ್ತಾಗುವುದಿಲ್ಲ. 1950ರ 'ರಾಕೆಟ್‌ಶಿಪ್ ಎಕ್ಸ್-ಎಂ' ಕಪ್ಪು ಬಿಳುಪು ಸಿನಿಮಾ, ಮಂಗಳ ಗ್ರಹಕ್ಕೆ ಇಳಿದ ತಕ್ಷಣ ಪರದೆ ಪೂರ್ತಿ ಕೆಂಪಾಗುತ್ತದೆ. ಮರುಭೂಮಿಯಲ್ಲಿ ತೆಗೆದ ದೃಶ್ಯಕ್ಕೆ ಬಣ್ಣ ಕೊಟ್ಟಿದ್ದಾರೆ, ಅಷ್ಟೇ. ನನ್ನ ಪ್ರಕಾರ ಈ ಎಲ್ಲದರಲ್ಲೂ ಅತಿ ಅಗ್ಗದ, ಅತಿ ಒಳ್ಳೆಯ ಉಪಾಯ ಅದೇ. ಇನ್ನು ಇದ್ದಕ್ಕಿದ್ದಂತೆ ಚಿತ್ರದ ಗುಣಮಟ್ಟ ಬದಲಾಗಿ ಟ್ಯಾಂಕು, ವಿಮಾನ ಬಂದರೆ ಅದು ಬೇರೆ ಕಡೆಯಿಂದ ತಂದು ಅಂಟಿಸಿದ ಹಳೇ ಫಿಲಂ ಅಂತಲೇ ಅಂದುಕೊಳ್ಳಿ.

ಮಾತಿನ ದೃಶ್ಯಗಳನ್ನು ಓಡಿಸಬೇಡಿ. ಮಾತು ಅಗ್ಗ, ಅದಕ್ಕೇ ಇಷ್ಟೊಂದು ಮಾತು. 1959ರ 'ದ ಕಿಲ್ಲರ್ ಶ್ರೂಸ್'ನಲ್ಲಿ ದೊಡ್ಡ ಇಲಿಯಂಥ ಪ್ರಾಣಿಗಳಾಗಿ ನಟಿಸಿದ್ದು ವೇಷ ಹಾಕಿಸಿಕೊಂಡ ನಾಯಿಗಳು. ಅವು ಓಡುವಾಗ ಬಾಲ ಅಲ್ಲಾಡಿಸುವ ಖುಷಿ ಬೇರೆ. ಆದರೆ ದ್ವೀಪದ ಒಂದು ಮನೆಯಲ್ಲಿ ಸಿಕ್ಕಿಹಾಕಿಕೊಂಡು, ಕುಡಿಯುತ್ತಾ, ಒಬ್ಬರನ್ನೊಬ್ಬರು ನಂಬದೆ ಕೂತ ಆ ಜನರ ನಡುವಿನ ಬಿಗಿ ಮಾತ್ರ ನಿಜವಾದದ್ದು. ನಾಯಿ ನೋಡಿ ನಕ್ಕು ನಿಲ್ಲಿಸಿದವರಿಗೆ ಅದು ಸಿಗುವುದೇ ಇಲ್ಲ.

ನಿರ್ದೇಶಕ ಎಡ್ ವುಡ್‌ರ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲರೂ ಅದರಿಂದಲೇ ಶುರು ಮಾಡಿ ಈ ಕಾಲದ್ದೆಲ್ಲ ಹೀಗೇ ಅಂದುಕೊಳ್ಳುತ್ತಾರೆ. ಡ್ರಾಕುಲಾ ಪಾತ್ರದಿಂದ ಹೆಸರಾದ ನಟ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ ಅವರ ಕೆಲವೇ ತುಣುಕುಗಳು ವುಡ್ ಹತ್ತಿರ ಇದ್ದವು. ಉಳಿದ ಕಡೆ ವುಡ್ ಹೆಂಡತಿಯ ಕೈರೋಪ್ರಾಕ್ಟರ್ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವವರು) ಮುಖಕ್ಕೆ ಡ್ರಾಕುಲಾ ಥರದ ನಿಲುವಂಗಿ ಅಡ್ಡ ಹಿಡಿದು ಓಡಾಡಿದ್ದಾರೆ, ಲುಗೋಸಿಗಿಂತ ಎತ್ತರವಾಗಿ. ಬೇರೆಯವರ ಉಪಾಯಗಳನ್ನು ನೋಡಿ ಕಣ್ಣು ಪಳಗಿದ ಮೇಲೆ ನೋಡಿದರೆ ಇಲ್ಲಿ ಉಪಾಯ ಎಲ್ಲಿ ಕೈಕೊಟ್ಟಿತು ಅಂತ ತಿಳಿಯುತ್ತದೆ.

ಸಿನಿಮಾದ ಪ್ರತಿ ಹುಡುಕುವಾಗ ಒಂದು ವಿಷಯ. ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ 28 ವರ್ಷ, ಆಮೇಲೆ ನವೀಕರಿಸದಿದ್ದರೆ ಸಾರ್ವಜನಿಕ ಸ್ವತ್ತು. 'ಲಿಟಲ್ ಶಾಪ್' ಥರದ ಕೆಲವು ಸಾರ್ವಜನಿಕ ಸ್ವತ್ತಾಗಿ ಉಚಿತವಾಗಿ ಸಿಗುತ್ತವೆ, ಆದರೆ ಸುಮಾರು ಪ್ರತಿಗಳು ಮಸುಕು. ಮೊದಲು ಸಿಕ್ಕಿದ್ದಕ್ಕೇ ಕೂರಬೇಡಿ, ಎರಡು ಮೂರು ತೆರೆದು ನೋಡಿ. ಕತ್ತಲೆ ದೃಶ್ಯದಲ್ಲಿ ಮುಖ ಕಾಣದಿದ್ದರೆ ತಪ್ಪು ಸಿನಿಮಾದ್ದಲ್ಲ, ಪ್ರತಿಯದ್ದಿರಬಹುದು. ಹೆಚ್ಚಿನವು ಒಂದೂಕಾಲು ಗಂಟೆಗೆ ಮುಗಿಯುತ್ತವೆ, ಹಾಗಾಗಿ ಒಂದು ಸಂಜೆಗೆ ಎರಡು ಹಾಕಿ, ಚೆನ್ನಾಗಿರುವುದನ್ನು ಎರಡನೆಯದಾಗಿ ಇಡಿ.