ಕೀಕ್ಯಾಡ್‌ನಲ್ಲಿ ಲೈಬ್ರರಿ ಹೊಂದಿಸಿಕೊಳ್ಳುವುದು ಹೇಗೆ?

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಕಲಿಯಲು ಕೂತವರು ಎಡವುವುದು ಮೊದಲ ದಿನವೇ. ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೀಕ್ಯಾಡ್ ಹಾಕಿಕೊಂಡು, ಸರ್ಕ್ಯೂಟಿನ ನಕ್ಷೆ ಬರೆಯುವ ಸ್ಕೀಮ್ಯಾಟಿಕ್ ಎಡಿಟರ್ ತೆರೆದರೆ ಒಂದು ಸಣ್ಣ ವಿಂಡೋ ಎದುರಾಗುತ್ತದೆ. ಏನು ಕೇಳುತ್ತಿದೆ ಅಂತ ಗೊತ್ತಾಗದೆ ಯಾವುದೋ ಒಂದನ್ನು ಒತ್ತಿಬಿಡುತ್ತೇವೆ. ಆಮೇಲೆ ಒಂದು ರೆಸಿಸ್ಟರ್ ಹುಡುಕಿದರೂ ಪಟ್ಟಿ ಖಾಲಿ! ಪಾರ್ಟ್‌ಗಳ ಗುರುತು, ಅಳತೆ ತುಂಬಿಟ್ಟ ಸಂಗ್ರಹಕ್ಕೆ ಲೈಬ್ರರಿ ಅನ್ನುತ್ತಾರೆ. ಅದನ್ನು ಹೊಂದಿಸದಿದ್ದರೆ ಹೀಗಾಗುತ್ತದೆ.

ಕೀಕ್ಯಾಡ್ ಪೂರ್ತಿ ಉಚಿತ. 1992ರಲ್ಲಿ ಫ್ರಾನ್ಸ್‌ನ ಜಾನ್-ಪಿಯೆರ್ ಶರಾ ಇದನ್ನು ಶುರು ಮಾಡಿದರು. ಮುಂದೆ ಸರ್ನ್ ಸಂಶೋಧನಾ ಕೇಂದ್ರವೂ ಕೈಜೋಡಿಸಿತು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಕದ್ದ ಸಾಫ್ಟ್‌ವೇರ್ ಹುಡುಕುವ ಅಗತ್ಯವೇ ಇಲ್ಲ. ಇಲ್ಲಿ ಹೇಳುತ್ತಿರುವುದು 8 ಮತ್ತು 9ನೇ ಆವೃತ್ತಿಗಳ ವಿಷಯ.

ಆ ವಿಂಡೋದಲ್ಲಿ ಮೂರು ಆಯ್ಕೆಗಳಿರುತ್ತವೆ. ಮೊದಲನೆಯದು 'ಕಾಪಿ ಡೀಫಾಲ್ಟ್ ಗ್ಲೋಬಲ್ ಸಿಂಬಲ್ ಲೈಬ್ರರಿ ಟೇಬಲ್'. ಸುಮ್ನೆ ಅದನ್ನೇ ಆರಿಸಿ. ಜೊತೆಗೆ ಬಂದಿರುವ ಎಲ್ಲ ಲೈಬ್ರರಿಗಳೂ ಪಟ್ಟಿಗೆ ಸೇರುತ್ತವೆ. ಬೋರ್ಡ್ ಬರೆಯುವ ಪಿಸಿಬಿ ಎಡಿಟರ್ ಮೊದಲ ಸಲ ತೆರೆದಾಗ ಫುಟ್‌ಪ್ರಿಂಟ್‌ಗಳಿಗೂ (ಅಂದರೇನು ಅಂತ ಮುಂದೆ ಹೇಳುತ್ತೇನೆ) ಇದೇ ಪ್ರಶ್ನೆ ಬರುತ್ತದೆ. ಉತ್ತರವೂ ಅದೇ.

ಈಗಾಗಲೇ ಖಾಲಿ ಪಟ್ಟಿ ಆರಿಸಿಬಿಟ್ಟಿದ್ದೀರಾ? ಗಾಬರಿ ಬೇಡ. ಕೀಕ್ಯಾಡ್ ಮುಚ್ಚಿ. ವಿಂಡೋಸ್‌ನಲ್ಲಾದರೆ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರ್‌ನಲ್ಲಿ, ಲಿನಕ್ಸ್‌ನಲ್ಲಾದರೆ ಹೋಮ್‌ನೊಳಗೆ ಅಡಗಿರುವ ಕಾನ್ಫಿಗ್ ಫೋಲ್ಡರ್‌ನಲ್ಲಿ ಕೀಕ್ಯಾಡ್ ಅಂತ ಇರುತ್ತದೆ. ಅದರೊಳಗೆ ನಿಮ್ಮ ಆವೃತ್ತಿಯ ಸಂಖ್ಯೆಯ ಫೋಲ್ಡರ್ ತೆರೆದು, 'ಸಿಮ್-ಲಿಬ್-ಟೇಬಲ್' (sym-lib-table) ಫೈಲಿನ ಹೆಸರು ಬದಲಿಸಿ. ಮತ್ತೆ ಕೀಕ್ಯಾಡ್ ತೆರೆದರೆ ಅದೇ ಪ್ರಶ್ನೆ ಇನ್ನೊಮ್ಮೆ ಬರುತ್ತದೆ. ಫುಟ್‌ಪ್ರಿಂಟ್ ಪಟ್ಟಿಯ ಫೈಲು 'ಎಫ್‌ಪಿ-ಲಿಬ್-ಟೇಬಲ್' (fp-lib-table).

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸಿಂಬಲ್ ಬೇರೆ, ಫುಟ್‌ಪ್ರಿಂಟ್ ಬೇರೆ. ಸಿಂಬಲ್ ಅಂದರೆ ನಕ್ಷೆಯಲ್ಲಿ ಕಾಣುವ ಗುರುತು. ಫುಟ್‌ಪ್ರಿಂಟ್ ಅಂದರೆ ಬೋರ್ಡ್ ಮೇಲೆ ಆ ಪಾರ್ಟ್ ಕೂರುವ ಜಾಗ: ತೂತು, ತಾಮ್ರದ ಪ್ಯಾಡ್, ಅಳತೆ ಎಲ್ಲ. ಎರಡನ್ನೂ ಬೆಸೆಯುವುದು ಪಿನ್ ನಂಬರ್. ಇದನ್ನು ನಾನು ಕಲಿತದ್ದು ಒಂದು ಬೋರ್ಡ್ ಹಾಳಾದ ಮೇಲೆ. 2ಎನ್3904 ಟ್ರಾನ್ಸಿಸ್ಟರ್ ಇಟ್ಟು ವಿನ್ಯಾಸ ಮಾಡಿದ್ದೆ. ಕೈಯಲ್ಲಿದ್ದದ್ದು ಬಿಸಿ547. ನೋಡಲು ಎರಡೂ ಒಂದೇ ಥರ, ಎರಡೂ ಎನ್‌ಪಿಎನ್ ಎಂಬ ಒಂದೇ ಬಗೆಯ ಟ್ರಾನ್ಸಿಸ್ಟರ್. ಅದೇ ತೂತುಗಳಿಗೆ ಕೂರಿಸಿ ಬೆಸುಗೆ ಹಾಕಿದೆ. ಟ್ರಾನ್ಸಿಸ್ಟರ್ ಓಡಿಸಬೇಕಿದ್ದ ರಿಲೇ (ವಿದ್ಯುತ್ತಿನಿಂದ ಕದಲುವ ಸ್ವಿಚ್) ಕದಲಲೇ ಇಲ್ಲ. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ಎಡದಿಂದ ನೋಡಿದರೆ ಬಿಸಿ547ರ ಕಾಲುಗಳು ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ತಿರುಗುಮುರುಗು!

ಹಾಗಾಗಿ ನೀವು ನಿಜವಾಗಿ ಅಂಗಡಿಯಿಂದ ತರುವ ಪಾರ್ಟ್‌ಗಳಿಗೆ ಒಂದು ಸ್ವಂತ ಲೈಬ್ರರಿ ಇಟ್ಟುಕೊಳ್ಳಿ. ಡೀಫಾಲ್ಟ್ ಲೈಬ್ರರಿಗಳನ್ನು ತಿದ್ದಲು ಹೋಗಬೇಡಿ. ಸಾಮಾನ್ಯವಾಗಿ ಅವು ಓದಲು ಮಾತ್ರ ಸಿಗುತ್ತವೆ. ಹೇಗೋ ತಿದ್ದಿದರೂ ಹೊಸ ಆವೃತ್ತಿ ಬಂದಾಗ ನಿಮ್ಮ ಕೆಲಸ ಅದರ ಜೊತೆ ಬರುವುದಿಲ್ಲ.

ಸಿಂಬಲ್ ಎಡಿಟರ್‌ನಲ್ಲಿ ಫೈಲ್ ಮೆನುಗೆ ಹೋಗಿ 'ನ್ಯೂ ಲೈಬ್ರರಿ' ಒತ್ತಿ. ಗ್ಲೋಬಲ್ ಬೇಕಾ, ಪ್ರಾಜೆಕ್ಟ್ ಬೇಕಾ ಅಂತ ಕೇಳುತ್ತದೆ. ಗ್ಲೋಬಲ್ ಆದರೆ ನಿಮ್ಮ ಕಂಪ್ಯೂಟರಿನ ಎಲ್ಲ ಪ್ರಾಜೆಕ್ಟ್‌ಗಳಿಗೂ ಸಿಗುತ್ತದೆ. ಗೆಳೆಯರಿಗೆ ಕಳಿಸುವ ಕೆಲಸವಾದರೆ ಪ್ರಾಜೆಕ್ಟ್ ಆರಿಸಿ, ಫೈಲನ್ನು ಆ ಪ್ರಾಜೆಕ್ಟಿನ ಫೋಲ್ಡರ್‌ನೊಳಗೇ ಇಡಿ. ಆಮೇಲೆ ಡೀಫಾಲ್ಟ್ ಲೈಬ್ರರಿಯಲ್ಲಿರುವ ಬಿಸಿ547 ಸಿಂಬಲ್ ಕಾಪಿ ಮಾಡಿ ನಿಮ್ಮದರೊಳಗೆ ಪೇಸ್ಟ್ ಮಾಡಿ. ಅದರ ಪ್ರಾಪರ್ಟೀಸ್ ತೆರೆದು ಫುಟ್‌ಪ್ರಿಂಟ್ ಜಾಗ ನೋಡಿ. 'ಟಿಒ-92 ಇನ್‌ಲೈನ್' (ಟಿಒ-92 ಅಂದರೆ ಇಂಥ ಸಣ್ಣ ಟ್ರಾನ್ಸಿಸ್ಟರಿನ ಕವಚದ ಮಾದರಿ) ಅಂತ ಇದ್ದರೆ ಕಾಲುಗಳ ನಡುವೆ 1.27 ಮಿಲಿಮೀಟರ್ ಮಾತ್ರ. ಕೈಯಲ್ಲಿ ಬೆಸುಗೆ ಹಾಕುವಾಗ ಪಕ್ಕದ ಪ್ಯಾಡಿಗೂ ಸೀಸ ಹರಿದುಬಿಡುತ್ತದೆ. 'ಇನ್‌ಲೈನ್ ವೈಡ್' ಹಾಕಿ, 2.54 ಮಿಲಿಮೀಟರ್ ಸಿಗುತ್ತದೆ. ಕಾಲುಗಳನ್ನು ಸ್ವಲ್ಪ ಅಗಲಿಸಿದರಾಯಿತು. ಗ್ಲೋಬಲ್ ಲೈಬ್ರರಿಯಲ್ಲಿ ಒಮ್ಮೆ ಹೀಗೆ ತುಂಬಿಟ್ಟರೆ, ಆ ಸಿಂಬಲ್ ಬಳಸುವ ಮುಂದಿನ ಪ್ರತಿ ಬೋರ್ಡ್‌ನಲ್ಲೂ ಅದು ತಾನಾಗಿಯೇ ಬರುತ್ತದೆ.

ಈಗ ಪ್ರಿಫರೆನ್ಸಸ್ ಮೆನುವಿನಲ್ಲಿ 'ಮ್ಯಾನೇಜ್ ಸಿಂಬಲ್ ಲೈಬ್ರರೀಸ್' ತೆರೆಯಿರಿ. ಪ್ರಾಜೆಕ್ಟ್ ಲೈಬ್ರರಿಯ ಹಾದಿ 'ಕೆಐಪಿಆರ್‌ಜೆಎಂಒಡಿ' (KIPRJMOD) ಎಂಬ ಪದದಿಂದ ಶುರುವಾಗಿದೆಯೇ ನೋಡಿ. ಅದರ ಅರ್ಥ 'ಈ ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿ'. ಅದರ ಬದಲು ಸಿ ಡ್ರೈವ್, ನಿಮ್ಮ ಹೆಸರಿನ ಫೋಲ್ಡರ್ ಅಂತೆಲ್ಲ ಇದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ಲೈಬ್ರರಿ ಸಿಗುವುದಿಲ್ಲ. ಪಟ್ಟಿಯಲ್ಲಿ ಲೈಬ್ರರಿಗೆ ಕೊಡುವ ಹೆಸರು, ಅಂದರೆ ನಿಕ್‌ನೇಮ್, ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ. ನಕ್ಷೆಯ ಪ್ರತಿ ಸಿಂಬಲ್ಲೂ ಆ ಹೆಸರನ್ನೇ ಹಿಡಿದುಕೊಂಡಿರುತ್ತದೆ. ಪಟ್ಟಿ ತೀರಾ ಉದ್ದ ಅನ್ನಿಸಿದರೆ ಬೇಡದ ಲೈಬ್ರರಿಗಳನ್ನು ಅಳಿಸಬೇಡಿ, 'ಆ್ಯಕ್ಟಿವ್' ಟಿಕ್ ತೆಗೆದರೆ ಸಾಕು.

ಬೋರ್ಡ್ ಮಾಡಲು ಕಳಿಸುವ ಮುಂಚೆ ಒಂದು ಕೆಲಸ ಉಳಿದಿದೆ. ಪಿಸಿಬಿ ಎಡಿಟರ್‌ನಿಂದ 1:1 ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಪ್ರಿಂಟರ್ ಹಾಳೆಗೆ ತಕ್ಕಂತೆ ಹಿಗ್ಗಿಸದ ಹಾಗೆ ನೋಡಿಕೊಳ್ಳಿ. ಹಾಳೆಯನ್ನು ಥರ್ಮಾಕೋಲ್ ತುಂಡಿನ ಮೇಲಿಟ್ಟು ಪಾರ್ಟ್‌ಗಳ ಕಾಲುಗಳನ್ನು ಒಂದೊಂದಾಗಿ ಚುಚ್ಚಿ. ಕಾಲು ತೂತಿನ ಗುರುತಿನ ಆಚೆ ಬಿದ್ದರೆ ಫುಟ್‌ಪ್ರಿಂಟ್ ತಪ್ಪಿದೆ ಅಂತ ಅರ್ಥ. ಅಲ್ಲೇ ನಿಮ್ಮ ಲೈಬ್ರರಿ ತೆರೆದು ಸರಿಮಾಡಿ, ಇನ್ನೊಂದು ಪ್ರಿಂಟ್ ತೆಗೆಯಿರಿ.