ಹೊಸ ಜೋಆಂಥಿಡ್ ನೇರ ಟ್ಯಾಂಕಿಗೆ ಬೇಡ

ಉಪ್ಪುನೀರಿನ ಅಕ್ವೇರಿಯಂಗೆ ಮೊದಮೊದಲು ತರುವ ಹವಳಗಳ ಪೈಕಿ ಜೋಆಂಥಿಡ್ ಒಂದು. ಅಂಗಿಗುಂಡಿಯಷ್ಟು ದೊಡ್ಡ ಬಣ್ಣಬಣ್ಣದ ಪಾಲಿಪ್‌ಗಳು (ಹೂವಿನಂತೆ ಕಾಣುವ ಪುಟ್ಟ ಜೀವಿಗಳು), ಸಾಕುವುದೂ ಸುಲಭ. ತೊಂದರೆ ಇರುವುದು ಅದು ಅಂಟಿಕೊಂಡ ಪ್ಲಗ್ಗಿನಲ್ಲಿ, ಅಂದರೆ ಪುಟ್ಟ ಕಲ್ಲಿನ ಬಿಲ್ಲೆಯಲ್ಲಿ: ಹವಳ ತಿನ್ನುವ ಹುಳಗಳೂ ಅವುಗಳ ಮೊಟ್ಟೆಗಳೂ ಅದರ ಜೊತೆ ಬರಬಹುದು, ಟ್ಯಾಂಕಿಗೆ ಬಿಡುವ ಮುನ್ನ ಅವನ್ನು ತೆಗೆಯಬೇಕು.

ಕೆಲಸಕ್ಕೆ ಮುಂಚೆ ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಈ ಹವಳಗಳಲ್ಲಿ, ಅದರಲ್ಲೂ ಪಾಲಿಥೋವಾ ಗುಂಪಿನಲ್ಲಿ, ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಹುಳ ಸಾಯಲಿ ಎಂದು ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು ಖಂಡಿತ ಬೇಡ. ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಟ್ಯಾಂಕಿನ ನೀರು ಬದಲಿಸುವ ದಿನವೇ ಇದನ್ನಿಟ್ಟುಕೊಂಡರೆ ಹೊರತೆಗೆದ ನೀರು ಇದಕ್ಕೇ ಆಯಿತು. ಮೂರು ಬಿಳಿ ಡಬ್ಬಿಗಳಲ್ಲಿ ತಲಾ 2 ಲೀಟರ್ ತುಂಬಿಸಿ. ಹವಳದ ಚೀಲವನ್ನು 15–20 ನಿಮಿಷ ತೇಲಿಬಿಟ್ಟು ಉಷ್ಣತೆ ಹೊಂದಿಸಿ. ಮೊದಲ ಡಬ್ಬಿಗೆ ಹವಳದ ಡಿಪ್ ದ್ರಾವಣವನ್ನು (ಹುಳ ಕೊಲ್ಲಲು ಹವಳವನ್ನು ಅದ್ದುವ ಔಷಧ) ಲೇಬಲ್ಲಿನಲ್ಲಿ ಹೇಳಿದಷ್ಟೇ ಹಾಕಿ, ಲೇಬಲ್ ಹೇಳಿದಷ್ಟು ಹೊತ್ತು ಮಾತ್ರ ಮುಳುಗಿಸಿ. ಸಾಮಾನ್ಯವಾಗಿ 5ರಿಂದ 10 ನಿಮಿಷ. ಸುಮ್ಮನೆ ನೆನೆಹಾಕಿದರೆ ಅರ್ಧ ಕೆಲಸ. ಪಾಲಿಪ್‌ಗಳ ಸಂದಿಗೆ ರಬ್ಬರ್ ಬುರುಡೆಯ ಪಿಪೆಟ್‌ನಿಂದ ಮತ್ತೆ ಮತ್ತೆ ನೀರು ಚಿಮ್ಮಿಸಬೇಕು. ಜೋಆಂಥಿಡ್ ತಿನ್ನುವ ನ್ಯೂಡಿಬ್ರಾಂಕ್‌ಗೆ (ಚಿಪ್ಪಿಲ್ಲದ ಕಡಲ ಬಸವನಹುಳು) ತಿಂದ ಪಾಲಿಪ್‌ನ ಬಣ್ಣವೇ ಬಂದಿರುತ್ತದೆ, ಬೆನ್ನಿನ ಮೇಲಿನ ಎಳೆಗಳೂ ಪಾಲಿಪ್ ಅಂಚಿನಂತೆಯೇ. ಎಷ್ಟು ದಿಟ್ಟಿಸಿದರೂ ಸಿಗದ ಅದು ಡಬ್ಬಿಯ ಬಿಳಿ ತಳಕ್ಕೆ ಬಿದ್ದಾಗಲೇ ಕಾಣುವುದು.

ಉಳಿದೆರಡು ಡಬ್ಬಿಗಳಲ್ಲಿ ತೊಳೆಯಿರಿ. ಡಿಪ್ ನೀರು ಒಂದು ಲೋಟದಷ್ಟೂ ಟ್ಯಾಂಕಿಗೆ ಹೋಗಬಾರದು, ಸೀಗಡಿ, ಏಡಿಗಳಿಗೆ ಅದು ಮಾರಕವಾಗಬಹುದು.

ಡಿಪ್ ಬಾಟಲಿ ಮೇಲೆ ಭರವಸೆ ಇಟ್ಟವರು ಸೋಲುವುದು ಇಲ್ಲಿಂದ ಮುಂದೆ. ಓಡಾಡುವ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಪ್ಲಗ್ಗನ್ನು ತಿರುಗಿಸಿ, ಭೂತಕನ್ನಡಿ ಹಿಡಿದು ಪಾಲಿಪ್ ಬುಡ ನೋಡಿ. ಸುರುಳಿ ಸುತ್ತಿದ ಬಿಳಿಯ ಲೋಳೆ ಎಳೆ ಕಂಡರೆ ಅದೇ ಮೊಟ್ಟೆ. ಹಳೆಯ ಟೂತ್‌ಬ್ರಷ್‌ನಿಂದ ನೀರೊಳಗೇ ಉಜ್ಜಿ ತೆಗೆಯಿರಿ, ಹೊರಗೆ ಉಜ್ಜಿದರೆ ರಸ ಮುಖಕ್ಕೆ ಸಿಡಿಯುತ್ತದೆ. ಇನ್ನೂ ಒಳ್ಳೆಯದು, ಬುಡದ ಚರ್ಮವನ್ನು ಬ್ಲೇಡಿನಿಂದ ಎಬ್ಬಿಸಿ ಸೂಪರ್‌ಗ್ಲೂ ಜೆಲ್ ಹಚ್ಚಿ ಹೊಸ ಪ್ಲಗ್ಗಿಗೆ ಅಂಟಿಸುವುದು. ಹಳೆಯದು ಕಸದ ಬುಟ್ಟಿಗೆ.

ಎಲ್ಲವೂ ಶತ್ರುವಲ್ಲ. ಮೈಯೆಲ್ಲ ಬಿರುಸು ರೋಮದ ಬ್ರಿಸ್ಟಲ್ ಹುಳ ಹೆಚ್ಚಾಗಿ ಕೊಳೆ ತಿಂದು ಬದುಕುತ್ತದೆ, ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು. ಚೆಸ್ ಹಲಗೆಯಂತೆ ಚೌಕುಳಿ ಗೆರೆಯ ಚಪ್ಪಟೆ ಸನ್‌ಡಯಲ್ ಬಸವನಹುಳು ಮಾತ್ರ ಜೋಆಂಥಿಡ್ ತಿನ್ನುತ್ತದೆ, ಹಗಲು ಅಡಗಿರುತ್ತದೆ. ದೀಪ ಆರಿಸಿದ ಮೇಲೆ ಕೆಂಪು ಟಾರ್ಚ್ ಹಿಡಿದು ಚಿಮಟದಲ್ಲಿ ಹೆಕ್ಕಿ. ಹಸಿರು ಗುಳ್ಳೆ ಪಾಚಿಯನ್ನು ಒಡೆಯದೆ ಬುಡಸಮೇತ ಕೀಳಿ, ಅದೂ ಟ್ಯಾಂಕಿನ ಹೊರಗೆ.

ನಂತರ ಮೀನಿಲ್ಲದ 20–40 ಲೀಟರಿನ ಪ್ರತ್ಯೇಕ ಟ್ಯಾಂಕಿನಲ್ಲಿ ಕನಿಷ್ಠ ಆರು ವಾರ ಇಡಿ. ಸುಮಾರು 26 ಡಿಗ್ರಿ ಉಷ್ಣತೆ, ಸಣ್ಣ ಪಂಪು, ಮಂದ ಬೆಳಕು ಸಾಕು. ಮೊಟ್ಟೆಯೊಡೆದ ಮರಿ ಮತ್ತೆ ಮೊಟ್ಟೆಯಿಡುವ ಮೊದಲೇ ಸಾಯಬೇಕಾದ್ದರಿಂದ ವಾರಕ್ಕೊಮ್ಮೆ ಡಿಪ್, ನಾಲ್ಕು ಸಲ. ಒಂದೆರಡು ದಿನ ಪಾಲಿಪ್ ಮುಚ್ಚಿಕೊಂಡಿದ್ದರೆ ಗಾಬರಿ ಬೇಡ. ಕರಗಿ ನಾರುತ್ತಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ.

ಈ ಅವಧಿಯಲ್ಲೇ ಕಂದು ಬಣ್ಣದ ಪುಟ್ಟ ತಾಳೆಮರದಂಥ ಐಪ್ಟೇಸಿಯಾ ಎಂಬ ಪೀಡೆಯ ಕಡಲಹೂ (ಸೀ ಅನಿಮೋನ್) ತಲೆಯೆತ್ತಬಹುದು. ಕೆರೆಯಲು ಹೋಗಬೇಡಿ, ಉಳಿದ ಚೂರಿನಿಂದಲೇ ಮರಿ ಹುಟ್ಟುತ್ತದೆ. ಪಂಪು ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಓ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಅದರ ಬಾಯಿಗೆ ಬಿಡಿ, ಹತ್ತು ನಿಮಿಷ ಬಿಟ್ಟು ಪಂಪು ಹಾಕಿ. ಅದನ್ನು ತಿನ್ನಲು ಪೆಪ್ಪರ್‌ಮಿಂಟ್ ಸೀಗಡಿ ತರುವುದಾದರೆ ಅಂಗಡಿಯಲ್ಲೇ ಸರಿಯಾಗಿ ನೋಡಿ: ಮೂತಿ ಚೂಪಾಗಿ, ಬೆನ್ನು ಡುಬ್ಬವಾಗಿ, ಮೈಮೇಲೆ ಬಿಳಿ ಗೆರೆಗಳಿದ್ದರೆ ಅದು ಕ್ಯಾಮೆಲ್ ಸೀಗಡಿ. ಐಪ್ಟೇಸಿಯಾ ಬಿಟ್ಟು ನಿಮ್ಮ ಜೋಆಂಥಿಡ್ಡನ್ನೇ ತಿನ್ನುತ್ತದೆ.