ಕೂದಲು ಒಣಗುವವರೆಗೆ

ಮೂರು ವರ್ಷದ ಹಿಂದೆ ಬ್ಯಾಂಕಿನವರು ಕೊಟ್ಟ ಡೈರಿಯೊಂದು ಸುಮ್ನೆ ಬಿದ್ದಿತ್ತು. ಅದರ ಪುಟಗಳಲ್ಲಿ ಆಯಾ ದಿನ ಹುಟ್ಟಿದ, ತೀರಿಕೊಂಡ ಕನ್ನಡ ಬರಹಗಾರರ ಹೆಸರು ಬರೆಯುತ್ತಾ ಹೋದೆ. ಜನವರಿ 31 ಬೇಂದ್ರೆ, ಅಕ್ಟೋಬರ್ 10 ಕಾರಂತರು, ಡಿಸೆಂಬರ್ 29 ಕುವೆಂಪು. ಬೆಳಿಗ್ಗೆ ಎದ್ದು ನೋಡಿದರೆ ಬರೆಯುವ ಹುಮ್ಮಸ್ಸು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ನಮನಗಳು’ ಅಂತ ಹಾಕುವಷ್ಟು ಬಂತು, ಅಷ್ಟೇ.

ದಾರಿ ಸಿಕ್ಕಿದ್ದು ಜೂನ್ 6ರಂದು. ಮಾಸ್ತಿ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಸರಿಯಾಗಿ 95 ವರ್ಷ, ಡೈರಿಯಲ್ಲಿ ಒಂದೇ ಪುಟ. ಅದನ್ನೇ ನೋಡುತ್ತಾ ಕೂತರೆ ಮಾಸ್ತಿಯವರ ಬಗ್ಗೆ ಏನೂ ಹೊಳೆಯಲಿಲ್ಲ, ನಮ್ಮ ತಾತ ನೆನಪಾದರು. ಅವರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1, ಯಾಕಂದ್ರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಗೆ ಬರೆದುಕೊಂಡರು. ನಿಜವಾಗಿ ಹುಟ್ಟಿದ್ದು ಅವರೆಕಾಯಿ ಕಾಲದಲ್ಲಂತೆ. ಅವತ್ತು ನಾಲ್ಕು ಪುಟ ಬರೆದೆ.

ಆಮೇಲಿಂದ ದೊಡ್ಡವರನ್ನು ಹೊಗಳುವುದನ್ನು ಬಿಟ್ಟೆ. ಅವರ ಬದುಕಿನ ಒಂದು ಸಣ್ಣ ಸಂಗತಿ ಹುಡುಕಿ ತಾರೀಖಿನ ಪಕ್ಕ ಬರೆದಿಡುತ್ತೇನೆ. ಜನವರಿ 24 ಮುದ್ದಣ ಹುಟ್ಟಿದ ದಿನ. ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ತಾವೇ ಬರೆದ ಕಾವ್ಯವನ್ನು ಯಾರೋ ಹಳೆಯ ಕವಿಯದ್ದು ಅಂತ ಹೇಳಿ ಮೈಸೂರಿಗೆ ಅಚ್ಚಿಗೆ ಕಳಿಸಿದರು. 1901ರಲ್ಲಿ, ಬರೀ 31ನೇ ವಯಸ್ಸಿಗೆ ಹೋಗಿಬಿಟ್ಟರು. ಹೀಗೆ ಹೆಸರು ಮುಚ್ಚಿಡೋಕೆ ಅಂಜಿಕೆ ಜಾಸ್ತಿ ಬೇಕಾ, ಕಿಲಾಡಿತನ ಜಾಸ್ತಿ ಬೇಕಾ? ನನ್ನ ಮೊದಲ ಕಥೆಯನ್ನು ನಾನೂ ಅಕ್ಕನ ಹೆಸರಲ್ಲಿ ಪತ್ರಿಕೆಗೆ ಕಳಿಸಿದ್ದೆ. ಅದು ಅವಳ ಹೆಸರಿಗೇ ವಾಪಸ್ ಬಂತು, ಪ್ರೇಮಕಥೆ ಬೇರೆ, ಅಪ್ಪನ ಕೈಗೆ ಸಿಕ್ಕಿ ಬೈಗುಳ ತಿಂದವಳು ಅವಳು. ಮುದ್ದಣನ ಪುಟದಿಂದ ಹೊರಟು ಈಗ ಅದೇ ಒಂದು ಕಥೆಯಾಗಿದೆ. ಅಕ್ಕ ಇನ್ನೂ ಓದಿಲ್ಲ.

ಫಾರ್ವರ್ಡ್ ಆಗಿ ಬರುವ ತಾರೀಖುಗಳನ್ನು ಮಾತ್ರ ನಂಬಬೇಡಿ. ಹಾಗೆ ನಂಬಿ ಒಬ್ಬ ಕವಿಯ ಪುಣ್ಯತಿಥಿಯನ್ನು ಹುಟ್ಟುಹಬ್ಬ ಮಾಡಿಬಿಟ್ಟಿದ್ದೆ. ಹಿರಿಯರೊಬ್ಬರು ಫೋನ್ ಮಾಡಿ, ‘ಏನಮ್ಮಾ, ಶ್ರಾದ್ಧಕ್ಕೆ ಕೇಕ್ ಕತ್ತರಿಸಿದ್ಯಾ?’ ಅಂದರು. ಈಗ ಎರಡು ಪುಸ್ತಕದಲ್ಲಿ ನೋಡದೆ ಬರೆದುಕೊಳ್ಳುವುದಿಲ್ಲ.

ಹಳೆಯ ಕವಿಗಳದ್ದು ಬೇರೆ ಪಾಡು. ಪಂಪನ ಕಾವ್ಯಕ್ಕೆ 941 ಅನ್ನುವ ಇಸವಿ ಉಂಟು, ತಿಂಗಳು ತಾರೀಖು ಹಾಕೋಣ ಅಂದ್ರೆ ಎಲ್ಲಿಂದ ತರೋದು? ಅಂಥವರನ್ನು ಖಾಲಿ ಉಳಿದ ಪುಟಗಳಿಗೆ ಹಂಚಿದ್ದೇನೆ. ಕುಮಾರವ್ಯಾಸ ಹಾಗೆ ಬಂದು ಕೂತವನು. ಗದಗಿನ ವೀರನಾರಾಯಣ ಗುಡಿಯಲ್ಲಿ, ಮಿಂದು ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ ಕೂತು, ಬಟ್ಟೆ ಒಣಗುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ನಿಜವೋ ಕಥೆಯೋ, ನನಗಂತೂ ಇದು ಬಹಳ ಹಿಡಿಸಿತು. ದಿನಾ ಒಂದು ಗಂಟೆ ಬರೀಬೇಕು ಅಂತ ಅಲಾರಂ ಇಟ್ಟು ಸೋತವಳು ನಾನು. ಈಗ ತಲೆಗೆ ನೀರು ಹಾಕಿಕೊಂಡ ದಿನ ಡೈರಿ ಹಿಡಿದು ಮಹಡಿಗೆ ಹೋಗಿ, ಕೂದಲು ಒಣಗುವವರೆಗೆ ಬರೆಯುತ್ತೇನೆ. ಬೇಸಿಗೆಯಲ್ಲಿ ಅರ್ಧ ಪುಟ ಆದರೆ ಹೆಚ್ಚು. ಮಳೆಗಾಲದಲ್ಲಿ ಮೂರು ಪುಟ ದಾಟುತ್ತದೆ.